ವರಾಂಡದಲ್ಲಿ ಕೇಳಿದ ಪ್ರಶ್ನೆ

ಜೂನ್ ೯

ಪ್ರೀತಿಯ ಅತ್ತೆ,

ಫೋನಿನಲ್ಲಿ "ಹೇಗಿದ್ದೀಯಾ", "ಚೆನ್ನಾಗಿದ್ದೀನಿ" ಎರಡೂ ಮುಗಿದ ಮೇಲೆ ನೀವೂ ಇಟ್ಟುಬಿಡುತ್ತೀರಿ, ನಾನೂ ಇಟ್ಟುಬಿಡುತ್ತೇನೆ. ಅದಕ್ಕೇ ನಾನು ಹೊರಟ ದಿನ ನೀವು "ಫೋನು ಗೀನು ಬೇಡ, ಕಾಗದ ಬರಿ" ಎಂದಿರಿ. ಬರೆಯುತ್ತಿದ್ದೇನೆ. ಬಂದು ಇಪ್ಪತ್ತು ದಿನವಾಯಿತು, ತಡವಾಯಿತೆಂದು ಬೈಯಬೇಡಿ.

ನನಗೆ ಕೊಟ್ಟ ಕೋಣೆ ಒಂದು ಔಷಧಿ ಅಂಗಡಿಯ ಮೇಲಿದೆ. ಒಂದು ಮಂಚ, ಒಂದು ಮೇಜು, ಒಂಟಿ ಉರಿಯ ಸ್ಟೌ, ಒಂದು ಕಾಲು ಗಿಡ್ಡವಾದ ಕುರ್ಚಿ. ಅದರಡಿ ರಟ್ಟು ಮಡಚಿ ಇಟ್ಟಿದ್ದೇನೆ. ಕೆಳಗಿನಿಂದ ಸ್ಪಿರಿಟ್ಟಿನ ವಾಸನೆ ಬರುತ್ತದೆ, ನೀವು ಡ್ಯೂಟಿ ಮುಗಿಸಿ ಬಂದಾಗ ಬರುತ್ತಿತ್ತಲ್ಲ, ಅದೇ. ಮೊದಲ ದಿನ ಬೀಗ ತೆಗೆದು ಒಳಗೆ ಕಾಲಿಟ್ಟವಳು "ಅತ್ತೆ ಬಂದ್ರಾ" ಎಂದು ಬಾಯಿಬಿಟ್ಟೇ ಅಂದುಬಿಟ್ಟೆ.

ಶಾಲೆ ಸರ್ಕಾರದ್ದು. ನನ್ನ ಪಾಲಿಗೆ ಎಂಟು ವರ್ಷದ ನಲವತ್ತೊಂದು ಮಕ್ಕಳು. ಕ್ಲಾಸ್ ಟೀಚರ್ ಪಕ್ಕದಲ್ಲಿ ಕೂತು ನಾನು ಬರೀ ಇಂಗ್ಲಿಷ್ ಹೇಳಿಕೊಡಬೇಕು ಎಂದಿದ್ದರು. ನೋಡಿದರೆ ಆಕೆ ಹೆರಿಗೆ ರಜೆಯಲ್ಲಿದ್ದಾರೆ, ಇಡೀ ತರಗತಿ ನನ್ನ ತಲೆಗೆ ಬಂದಿದೆ. ಈ ದೇಶದ ಭಾಷೆಯಲ್ಲಿ ನನಗೆ ಬರುವುದು ಹಾಲು, ಬಸ್ಸು, ಎಷ್ಟು, ಸಾಕು, ಇಷ್ಟೇ. ಇಂಗ್ಲಿಷ್ ಬಲ್ಲವರು ಹೆಡ್ ಮೇಡಂ ಒಬ್ಬರೇ, ಅವರು ಆಫೀಸ್ ಬಿಟ್ಟು ಏಳುವುದಿಲ್ಲ. ನಮ್ಮನ್ನು ಕಳಿಸಿದ ಸಂಸ್ಥೆಯವರು ತರಬೇತಿಯಲ್ಲಿ ಒಂದು ನಿಯಮವನ್ನು ಅರೆದು ಕುಡಿಸಿದ್ದಾರೆ: ತರಗತಿಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಗೆ ಕಿವಿಗೊಡಬಾರದು. ಮಗು ತನ್ನ ಭಾಷೆಯಲ್ಲಿ ಏನು ಹೇಳಿದರೂ "ಇನ್ ಇಂಗ್ಲಿಷ್, ಪ್ಲೀಸ್" ಎಂದು ಕಾಯಬೇಕು. ಹಾಗಾಗಿ ದಿನಾ ಬೆಳಿಗ್ಗೆ ಒಬ್ಬೊಬ್ಬರನ್ನೇ ಎಬ್ಬಿಸಿ "ಹೌ ಆರ್ ಯೂ" ಕೇಳುತ್ತೇನೆ, "ಐ ಆಮ್ ಫೈನ್, ಥ್ಯಾಂಕ್ ಯೂ" ಎಂದವರಿಗೆ ಕೈ ಮೇಲೆ ಒಂದು ನಕ್ಷತ್ರದ ಚೀಟಿ.

ಅತ್ತೆ, ಇನ್ನೊಂದು ಮಾತು. ನಿಮ್ಮ ಮಗ ತೀರಿಕೊಂಡ ದಿನ ಆಸ್ಪತ್ರೆಯ ವರಾಂಡದಲ್ಲಿ ನೀವು ನನ್ನನ್ನು ಕೇಳಿದಿರಿ: "ನೋವು ಗೀವು ಅಂತ ನಿನಗೇನಾದ್ರೂ ಹೇಳಿದ್ನೇನೇ?" ನಾನು ಇಲ್ಲ ಎಂದೆ. ಅದರ ಬಗ್ಗೆ ನಿಮಗೆ ಹೇಳುವುದಿದೆ. ಎರಡು ವರ್ಷ ಒಂದೇ ಮನೆಯಲ್ಲಿದ್ದೂ ಹೇಳಲಾಗಲಿಲ್ಲ. ಇಷ್ಟು ದೂರ ಬಂದದ್ದು ಅದಕ್ಕೇ ಇರಬೇಕು. ಇವತ್ತೂ ಕೈ ಬರುತ್ತಿಲ್ಲ.

ನಿಮ್ಮ ಸೊಸೆ


ಜೂನ್ ೨೮

ಮೇಡಮ್ಮನವರಿಗೆ,

ಕಾಗದ ಬಂತು. ಪೋಸ್ಟ್‌ಮ್ಯಾನ್ ಸ್ಟಾಂಪ್ ತನಗೆ ಬೇಕೆಂದು ಬಾಗಿಲಲ್ಲೇ ನಿಂತ. ಕೊಡಲಿಲ್ಲ.

ನಾನು ಎಂದಿನಂತೆ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ನಾಲ್ಕು ಗಾಯ ಕಟ್ಟಿ, ಆರು ಜನಕ್ಕೆ ಚುಚ್ಚಿ, ಹೊಸ ಡಾಕ್ಟರಿಗೆ ಎರಡು ಬುದ್ಧಿಮಾತು ಹೇಳಿ ಬರುತ್ತೇನೆ. ಅವರಿಗೆ ನನ್ನ ಕಂಡರೆ ಹೆದರಿಕೆ, ನನಗದು ಇಷ್ಟ.

ನಿನ್ನ ಪಾಠ ಕೇಳಿ ನಗು ಬಂತು. ಮೂವತ್ತಾರು ವರ್ಷ ವಾರ್ಡಿನಲ್ಲಿದ್ದೆ, ಒಬ್ಬ ರೋಗಿಯನ್ನೂ "ಹೇಗಿದ್ದೀರಿ" ಎಂದು ಕೇಳಿದವಳಲ್ಲ. ಹಾಗೆ ಕೇಳಿದರೆ ಉಸಿರು ನಿಲ್ಲುತ್ತಿರುವವನೂ "ಪರವಾಗಿಲ್ಲ ಸಿಸ್ಟರ್" ಅನ್ನುತ್ತಾನೆ. "ಎಲ್ಲಿ ನೋಯುತ್ತೆ, ಬೆರಳಿಟ್ಟು ತೋರಿಸಿ" ಅನ್ನಬೇಕು. ನಿನ್ನ ಮಕ್ಕಳಿಗೆ ಮೊದಲು ತಲೆ, ಹೊಟ್ಟೆ, ಕೈಕಾಲು ಕಲಿಸು. ಫೈನ್ ಅಂತೆ, ಥ್ಯಾಂಕ್ ಯೂ ಅಂತೆ!

ವರಾಂಡದ ಮಾತು ಎತ್ತಿದ್ದೀಯ. ನಾನು ಕೇಳಿದೆ, ನೀನು ಇಲ್ಲ ಎಂದೆ, ಅಲ್ಲಿಗೆ ಮುಗಿಯಿತು. ಅವನು ಯಾರಿಗೂ ಹೇಳಲಿಲ್ಲ, ಯಾರ ಕೈಯಲ್ಲೂ ಏನೂ ಇರಲಿಲ್ಲ. ಎರಡು ವರ್ಷದಿಂದ ನಾನು ಆ ಒಂದು ಉತ್ತರದ ಮೇಲೆ ಕಾಲೂರಿ ನಿಂತಿದ್ದೇನೆ. ಅದನ್ನು ಅಲ್ಲಾಡಿಸಬೇಡ.

ಹೊತ್ತಿಗೆ ಸರಿಯಾಗಿ ತಿನ್ನು. ತೂಕ ಇಳಿಸಿಕೊಂಡು ಬಂದರೆ ಒಳಗೆ ಸೇರಿಸುವುದಿಲ್ಲ.

ಅತ್ತೆ


ಜುಲೈ ೨೦

ಪ್ರೀತಿಯ ಅತ್ತೆ,

ಆಯಿತು, ಅಲ್ಲಾಡಿಸುವುದಿಲ್ಲ.

ಮಕ್ಕಳ ವಿಷಯ ಹೇಳುತ್ತೇನೆ. ನಾನು ಹೇಳಿದ್ದನ್ನೆಲ್ಲ ತಿರುಗಿ ಹೇಳಬೇಕೆಂದು ಕಲಿಸಿದ್ದೇ ತಡ, ಈಗ ನಾನು ಕೆಮ್ಮಿದರೆ ನಲವತ್ತೊಂದು ಜನವೂ ಕೆಮ್ಮುತ್ತಾರೆ. ನಿನ್ನೆ ಸೀಮೆಸುಣ್ಣ ಕೈಜಾರಿದಾಗ "ಅಯ್ಯೋ" ಎಂದೆ. ಇಡೀ ತರಗತಿ ರಾಗವಾಗಿ "ಅಯ್ಯೋ" ಎಂದಿತು. ನಿಮ್ಮ ಸೊಸೆ ಪರದೇಶದ ಸರ್ಕಾರಿ ಶಾಲೆಯಲ್ಲಿ ಕನ್ನಡವನ್ನೂ ಕಲಿಸುತ್ತಿದ್ದಾಳೆ ಎಂದು ಎಲ್ಲರಿಗೂ ಹೇಳಿ.

ಇವರ ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ, ಕೂರುವ ಜಾಗದಿಂದ ಗುರುತಿಟ್ಟುಕೊಂಡಿದ್ದೇನೆ. ಒಬ್ಬಳು ಕಿಟಕಿಯವಳು. ಒಂಟಿ ಜಡೆ, ಮುಂದಿನ ಹಲ್ಲೊಂದು ಬಿದ್ದಿದೆ. ಮಿಕ್ಕವರು "ಥ್ಯಾಂಕ್ ಯೂ" ಎಂದು ಚೀಟಿಗೆ ಕೈ ಚಾಚಿದರೆ ಇವಳು "ಆಂಡ್ ಯೂ, ಟೀಚರ್?" ಎಂದು ಸೇರಿಸುತ್ತಾಳೆ. ಅದು ಪುಸ್ತಕದಲ್ಲಿಲ್ಲ, ಎಲ್ಲಿಂದ ಹೆಕ್ಕಿಕೊಂಡಳೋ. ನಾನು ಉತ್ತರ ಕೊಡುವ ತನಕ ಕೂರುವುದೇ ಇಲ್ಲ. ಅತ್ತೆ, ಎರಡು ವರ್ಷದಲ್ಲಿ ದಿನಾ ನನ್ನನ್ನು ಹೇಗಿದ್ದೀಯ ಎಂದು ಕೇಳಿ ಉತ್ತರಕ್ಕೆ ಕಾದವಳು ಇವಳೊಬ್ಬಳೇ.

ನೀವು ಹೇಳಿದಂತೆ ತಲೆ, ಹೊಟ್ಟೆ ಕಲಿಸೋಣವೆಂದರೆ ಪುಸ್ತಕದಲ್ಲಿ ಅದು ಏಳನೆಯ ಪಾಠ. ನಾವಿನ್ನೂ ಮೂರನೆಯದರಲ್ಲಿ, ಬಣ್ಣಗಳಲ್ಲಿ ಇದ್ದೇವೆ. ಪಾಠದ ಕ್ರಮ ತಪ್ಪಿಸಬಾರದು, ತಿಂಗಳಿಗೊಮ್ಮೆ ಸಂಸ್ಥೆಯ ಮೇಲ್ವಿಚಾರಕರು ಬಂದು ನೋಡುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಕಲಿಸುತ್ತೇನೆ.

ನಿಮ್ಮ ಸೊಸೆ


ಆಗಸ್ಟ್ ೮

ಸೊಸೆಗೆ,

ಕೇಳಿ ಕಾದವಳು ಅವಳೊಬ್ಬಳೇ ಎಂದು ಬರೆದಿದ್ದೀಯ. ಇಂಜೆಕ್ಷನ್ ಕೊಡುವವಳಿಗೇ ಚುಚ್ಚುತ್ತೀಯಲ್ಲ! ಕೇಳುತ್ತಿರಲಿಲ್ಲ, ನಿಜ. ಕೇಳಿದರೆ ನೀನು ಅಳುತ್ತೀಯ, ನಿನ್ನ ನೋಡಿ ನಾನು ಅಳುತ್ತೇನೆ, ಆಮೇಲೆ ಹಾಲಿನವನು ಬಂದರೆ ಬಾಗಿಲು ತೆಗೆಯುವವರು ಯಾರು? ಅದಕ್ಕೇ ನೀನು ಎದ್ದ ಕೂಡಲೇ ಕಾಫಿ ತಂದು ಕುಕ್ಕುತ್ತಿದ್ದೆ. ನನಗೆ ಬರುತ್ತಿದ್ದ ಹೇಗಿದ್ದೀಯ ಅದೇ.

ಹೋದ ವಾರ ನನ್ನ ತಂಗಿ ಬಂದು ಎರಡು ದಿನ ಇದ್ದಳು. "ಅವಳು ವಾಪಸ್ ಬರ್ತಾಳೆ ಅಂತ ನಂಬ್ಕೊಂಡು ಕೂತಿದ್ದೀಯಲ್ಲ ಅಕ್ಕ, ಅವನೇ ಇಲ್ಲದ ಮೇಲೆ ನಿನಗೂ ಅವಳಿಗೂ ಏನು ಸಂಬಂಧ?" ಎಂದಳು. "ಸಂಬಂಧ ಗಿಂಬಂಧ ನಂಗೊತ್ತಿಲ್ಲ ಕಣೇ, ಅವಳ ಟವಲ್ ಇನ್ನೂ ನನ್ನ ಬಚ್ಚಲಲ್ಲೇ ನೇತಾಡ್ತಿದೆ" ಎಂದೆ. ಅವಳ ಮುಂದೆ ಜೋರಾಗಿಯೇ ಅಂದೆ. ಅವಳು ಹೋದ ಮೇಲೆ ಆ ಮಾತು ತಲೆಯಲ್ಲಿ ಕೊರೆಯಿತು. ನೀನು ಬರುತ್ತೀಯಲ್ಲ?

ಹತ್ತೊಂಬತ್ತಕ್ಕೆ ಎರಡು ವರ್ಷ ತುಂಬುತ್ತದೆ. ನಾನು ಕ್ಲಿನಿಕ್ಕಿಗೇ ಹೋಗುತ್ತೇನೆ, ಮನೆಯಲ್ಲಿ ಕೂರಲಾರೆ. ನೀನೂ ಶಾಲೆಗೇ ಹೋಗು.

ಅತ್ತೆ


ಸೆಪ್ಟೆಂಬರ್ ೩

ಅತ್ತೆ,

ನಾನು ಚೆನ್ನಾಗಿದ್ದೇನೆ. ಐದನೆಯ ಪಾಠ ಮುಗಿಯಿತು. ಈ ವಾರ ಶಾಲೆಗೆ ಎರಡು ದಿನ ರಜೆ ಕೊಟ್ಟಿದ್ದರು. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಬೇರೇನೂ ವಿಶೇಷವಿಲ್ಲ.

ನಿಮ್ಮ ಸೊಸೆ


ಸೆಪ್ಟೆಂಬರ್ ೨೨

ಸೊಸೆಗೆ,

ಐದು ಸಾಲು. ವಿಮಾನ ಹತ್ತಿಸಿ ಐದು ಸಾಲು ಕಳಿಸಿದ್ದೀಯ. ಬರುತ್ತೀಯಾ ಎಂದು ಕೇಳಿದ್ದಕ್ಕೂ ಉತ್ತರವಿಲ್ಲ.

ನಿನ್ನ ಅಕ್ಷರ ಗೆರೆ ಹಾಕಿದ ಹಾಗೆ ನೆಟ್ಟಗೆ ಹೋಗುತ್ತದೆ. ಈ ಸಲ ಪ್ರತಿ ಸಾಲೂ ಕೆಳಗೆ ಇಳಿದಿದೆ. ಚೆನ್ನಾಗಿದ್ದೇನೆ ಅಂತೆ. ವಾರ್ಡಿನಲ್ಲಿ ಹಾಗೆ ಅಂದವರ ಮಂಚದ ಪಕ್ಕದಲ್ಲೇ ನಾನು ಮೊದಲು ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದೆ. ಈಗಲೂ ಕೂತಿದ್ದೇನೆ ಅಂದುಕೋ.

ಎಲ್ಲಿ ನೋಯುತ್ತಿದೆ? ಬೆರಳಿಟ್ಟು ತೋರಿಸು.

ಅತ್ತೆ


ಅಕ್ಟೋಬರ್ ೧೨

ಅತ್ತೆ,

ಕಿಟಕಿಯವಳು ಹೋಗಿಬಿಟ್ಟಳು.

ಆಗಸ್ಟ್ ಕೊನೆಯ ಸೋಮವಾರ ಅವಳು ಎದ್ದು "ಫೈನ್, ಥ್ಯಾಂಕ್ ಯೂ" ಎಂದಳು, "ಆಂಡ್ ಯೂ" ಅನ್ನಲಿಲ್ಲ. ಗಮನಿಸಿದೆ, ಮರೆತೆ. ಮಂಗಳವಾರ ಪಾಠ ಶುರುವಾಗುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು ತೋಳು ಜಗ್ಗಿ ಏನೋ ಹೇಳಿದಳು, ಅವಳ ಭಾಷೆಯಲ್ಲಿ. ಒಂದು ಕೈ ಹೊಟ್ಟೆಯ ಮೇಲಿತ್ತು. ಅತ್ತೆ, ನಾನು ಆ ಕೈಯನ್ನು ನೋಡಿದೆ. ಮೇಲ್ವಿಚಾರಕರು ಅವತ್ತೇ ಬರುವವರಿದ್ದರು. "ಇನ್ ಇಂಗ್ಲಿಷ್, ಪ್ಲೀಸ್" ಎಂದೆ. ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ನಾನೂ ಇನ್ನೊಮ್ಮೆ ನನ್ನದನ್ನೇ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಗೊತ್ತಿರುವುದನ್ನೆಲ್ಲ ಹುಡುಕಿದಳು. ಅವಳ ಬಳಿ ಇದ್ದದ್ದು ನಾನು ಕೊಟ್ಟದ್ದಷ್ಟೇ ತಾನೆ? ಬಣ್ಣಗಳಿದ್ದವು, ಅಂಕಿಗಳಿದ್ದವು. ಕೊನೆಗೆ "ಐ ಆಮ್ ಫೈನ್, ಥ್ಯಾಂಕ್ ಯೂ, ಟೀಚರ್" ಎಂದಳು.

ನಾನು "ವೆರಿ ಗುಡ್" ಎಂದೆ. ಕೈ ಮೇಲೆ ನಕ್ಷತ್ರ ಅಂಟಿಸಿದೆ.

ಬುಧವಾರ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದಳು, ನಿದ್ದೆ ಎಂದುಕೊಂಡೆ. ಮಧ್ಯಾಹ್ನ ವಾಂತಿ ಮಾಡಿಕೊಂಡಳು. ಆಯಾ ಎತ್ತಿಕೊಂಡು ಓಡಿದರು, ಹೆಡ್ ಮೇಡಂ ಗಾಡಿ ತರಿಸಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ನಂಜಾಗಿತ್ತಂತೆ. ನಿಮಗೆ ಇದೆಲ್ಲ ಬಿಡಿಸಿ ಹೇಳಬೇಕಿಲ್ಲ. ಶುಕ್ರವಾರ ಮುಗಿಯಿತು.

ಮುಂದಿನ ವಾರ ಅವಳ ತಾಯಿ ಸ್ಕೂಲ್ ಬ್ಯಾಗ್ ತೆಗೆದುಕೊಂಡು ಹೋಗಲು ಬಂದರು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವವರು, ಬೆರಳುಗಳ ತುಂಬ ಸೂಜಿಯ ಗುರುತು. ಆಫೀಸಿನಲ್ಲಿ ಕುರ್ಚಿ ಕೊಟ್ಟರೂ ಕೂರಲಿಲ್ಲ. ನನ್ನನ್ನು ನೋಡಿ ಏನೋ ಕೇಳಿದರು, ಹೆಡ್ ಮೇಡಂ ಇಂಗ್ಲಿಷಿನಲ್ಲಿ ನನಗೆ ಹೇಳಿದರು: "ಅವತ್ತು ಬೆಳಿಗ್ಗೆ ಹೊಟ್ಟೆನೋವು ಅಂದಳಂತೆ. ಕೆಲಸಕ್ಕೆ ಹೊತ್ತಾಗಿತ್ತು, ಟೀಚರಿಗೆ ಹೇಳು, ಮನೆಗೆ ಕಳಿಸ್ತಾರೆ ಅಂದೆ ಅಂತಿದ್ದಾರೆ. ಅವಳು ನಿಮಗೆ ಏನಾದರೂ ಹೇಳಿದಳಾ ಅಂತ ಕೇಳ್ತಿದ್ದಾರೆ." ಆಮೇಲೆ ದನಿ ತಗ್ಗಿಸಿ, "ಇಲ್ಲ ಅಂದುಬಿಡಿ. ಅವರಿಗೂ ಅದೇ ಒಳ್ಳೆಯದು" ಎಂದರು.

ಅದೇ ಪ್ರಶ್ನೆ, ಅತ್ತೆ. ಇನ್ನೊಂದು ದೇಶ, ಇನ್ನೊಬ್ಬ ತಾಯಿ, ಅದೇ ಪ್ರಶ್ನೆ. ಇಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು, ನನಗದು ರೂಢಿಯಾಗಿದೆ ನೋಡಿ. ಆದರೆ ಹೇಳಿದೆ. ಹೇಳಿದಳು, ನನಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳಲು ನಾನು ನೋಡಲೂ ಇಲ್ಲ ಎಂದೆ. ಹೆಡ್ ಮೇಡಂ ಅದನ್ನು ಅವರ ಭಾಷೆಗೆ ತಿರುಗಿಸಿದರು. ಆಕೆ ಕೂಗಾಡಲಿಲ್ಲ. ಬ್ಯಾಗಿನ ಜಿಪ್ ಎಳೆದು ಪುಸ್ತಕ, ಪೆನ್ಸಿಲ್ ಡಬ್ಬಿ ಎಲ್ಲ ಇದೆಯೇ ಎಂದು ನೋಡಿಕೊಂಡರು. ಬಾಗಿಲ ತನಕ ಹೋಗಿ ತಿರುಗಿ ನನಗೆ ಒಂದು ಮಾತು ಹೇಳಿದರು. ಹೆಡ್ ಮೇಡಂ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ, ನಾನೂ ಕೇಳಲಿಲ್ಲ.

ಒಬ್ಬ ತಾಯಿಗೆ ನಿಜ ಹೇಳಿದ ಮೇಲೆ ಇನ್ನೊಬ್ಬರಿಂದ ಬಚ್ಚಿಡುವುದು ಹೇಗೆ? ಅಲ್ಲಾಡಿಸಬೇಡ ಎಂದಿದ್ದಿರಿ. ಕ್ಷಮಿಸಿ. ವರಾಂಡದಲ್ಲಿ ನೀವು ಕೇಳಿದ್ದಕ್ಕೆ ಉತ್ತರ, ಹೌದು. ಅವರು ನನಗೆ ಹೇಳಿದ್ದರು. ಮೂರು ದಿನ ನೋವಿತ್ತು. ಅಮ್ಮನಿಗೆ ಹೇಳಬೇಡ ಎಂದರು, ನಾನು ಹೇಳಲಿಲ್ಲ. ಮೂವತ್ತಾರು ವರ್ಷ ನರ್ಸಾಗಿದ್ದ ನೀವು ಗೋಡೆಯ ಆಚೆಗೇ ಇದ್ದಿರಿ.

ಇಲ್ಲೇ ನೋಯುತ್ತಿರುವುದು.

ಸೊಸೆ


ನವೆಂಬರ್ ೨೪

ಅತ್ತೆ,

ಆರು ವಾರವಾಯಿತು. ನಿಮ್ಮ ಕಾಗದಕ್ಕೆ ಕಾಯುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಔಷಧಿ ಅಂಗಡಿಯವರು ನನ್ನ ಟಪಾಲು ಗಲ್ಲಾಪೆಟ್ಟಿಗೆಯ ಪಕ್ಕ ಇಡುತ್ತಾರೆ. ಈಗ ನಾನು ಒಳಗೆ ಬರುವ ಮೊದಲೇ ಅವರು ತಲೆಯಾಡಿಸಿಬಿಡುತ್ತಾರೆ.

ನಾನು ಶಾಲೆ ಬಿಟ್ಟಿಲ್ಲ. ಬಿಡಬೇಕೆಂದೇ ಹೋಗಿದ್ದೆ, ಹೆಡ್ ಮೇಡಂ "ಉಳಿದ ನಲವತ್ತು ಮಕ್ಕಳಿಗೆ ಏನು ಹೇಳಲಿ?" ಎಂದು ಕೇಳಿದರು. ಮೇಲ್ವಿಚಾರಕರಿಗೆ ಹೇಳಿಯೇ ಪುಸ್ತಕ ಬದಿಗಿಟ್ಟೆ. ಮಕ್ಕಳ ಭಾಷೆ ಕಲಿಯುತ್ತಿದ್ದೇನೆ, ಆಯಾ ಹೇಳಿಕೊಡುತ್ತಾರೆ. ನೋವು ಎನ್ನುವುದಕ್ಕೆ ಇಲ್ಲಿ ಚಿಕ್ಕ ಪದ, ಎರಡೇ ಅಕ್ಷರ. ಅವಳು ನನ್ನ ತೋಳು ಜಗ್ಗಿ ಎರಡು ಸಲ ಹೇಳಿದ್ದು ಅದನ್ನೇ. ಈಗ ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲೆಲ್ಲೂ ಅದು ಕಿವಿಗೆ ಬೀಳುತ್ತದೆ. ಇಷ್ಟು ಜನ ಇಷ್ಟು ಸಲ ಹೇಳುವ ಮಾತು ಮೂರು ತಿಂಗಳು ನನಗೆ ಕೇಳಿಸಿಯೇ ಇರಲಿಲ್ಲ.

ಮುಂದಿನ ತಿಂಗಳ ಕೊನೆಗೆ ನನ್ನ ಅವಧಿ ಮುಗಿಯುತ್ತದೆ. ಬೇಕಾದರೆ ಇನ್ನೊಂದು ವರ್ಷ ಇರಬಹುದು ಎಂದಿದ್ದಾರೆ. ನೀವು ಬೇಡ ಎಂದರೆ ಬರುವುದಿಲ್ಲ. ಬಚ್ಚಲಿನ ಟವಲ್ ತೆಗೆದುಹಾಕಿದ್ದರೆ ಅದನ್ನಾದರೂ ತಿಳಿಸಿ.

ಸೊಸೆ


ಡಿಸೆಂಬರ್ ೬

ಸೊಸೆಗೆ,

ನಿನ್ನ ದೊಡ್ಡ ಕಾಗದ ಓದಿದ ದಿನ ಹರಿದುಹಾಕಿದೆ. ನಾಲ್ಕು ದಿನ ಬಿಟ್ಟು ಕಸದ ಬುಟ್ಟಿಯಿಂದ ತೆಗೆದು ಬ್ಯಾಂಡೇಜಿನ ಟೇಪು ಹಾಕಿ ಅಂಟಿಸಿದೆ. ಒಂದು ಚೂರು ಸಿಗಲಿಲ್ಲ. ಅದರಲ್ಲಿ ಏನಿತ್ತು ಎಂದು ನನಗೆ ಬಾಯಿಪಾಠ ಬರುತ್ತದೆ.

ಆ ಮಗುವಿಗಾಗಿ ಅಳು ಬಂತು. ನಿನಗಾಗಿ ಬರಲಿಲ್ಲ. ಸಿಟ್ಟು ಬಂತು, ಈಗಲೂ ಇದೆ. ಗೋಡೆಯ ಆಚೆಗಿದ್ದೆ ಎಂದು ಬರೆದಿದ್ದೀಯಲ್ಲ, ಆ ಗೋಡೆಯನ್ನು ದಿನಾ ನೋಡುವವಳು ನಾನು. ಒಂದು ಸಲ, ಒಂದೇ ಒಂದು ಸಲ "ಅತ್ತೆ, ಇಲ್ಲಿ ಬನ್ನಿ" ಅಂದಿದ್ದರೆ ಸಾಕಿತ್ತು. ಎಷ್ಟು ಜನರ ಮಕ್ಕಳನ್ನು ಮಂಚದಿಂದ ಎಬ್ಬಿಸಿ ಮನೆಗೆ ಕಳಿಸಿದ್ದೇನೆ ನಾನು.

ಆರು ವಾರ ಕ್ಲಿನಿಕ್ಕಿಗೂ ಹೋಗಲಿಲ್ಲ. ಕೂತು ಕೂತು ಒಂದು ವಿಷಯ ತಿಳಿಯಿತು, ಅದನ್ನೂ ಬರೆಯುತ್ತೇನೆ, ನಿಜ ಬರೆಯುವ ಕಾಯಿಲೆ ನಿನ್ನಿಂದ ನನಗೂ ಅಂಟಿದೆ. ಅವತ್ತು ವರಾಂಡದಲ್ಲಿ ನೀನು ಹೌದು ಎಂದಿದ್ದರೆ ನಾನು ಅಲ್ಲೇ ನಿನ್ನ ತಂದೆತಾಯಿಗೆ ಫೋನ್ ಮಾಡಿ ಕರೆದುಕೊಂಡು ಹೋಗಿ ಎನ್ನುತ್ತಿದ್ದೆ. ಮಗ ಹೋದ ದಿನವೇ ಸೊಸೆಯನ್ನೂ ಕಳೆದುಕೊಂಡು ಆ ಮನೆಯಲ್ಲಿ ಒಬ್ಬಳೇ ಇರುತ್ತಿದ್ದೆ. ನಿನ್ನ ಸುಳ್ಳು ಎರಡು ವರ್ಷ ನನ್ನ ಎದುರು ಕೂತು ಕಾಫಿ ಕುಡಿಯಿತು. ಅದನ್ನು ಒಳ್ಳೆಯದು ಅನ್ನಲಾರೆ. ನನಗೆ ಅದು ಬೇಕಿತ್ತು ಎಂಬುದನ್ನೂ ಇಲ್ಲ ಅನ್ನಲಾರೆ.

ಕ್ಷಮಿಸಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಆದರೆ ಖಾಲಿ ಅಡುಗೆಮನೆಯಲ್ಲಿ ನಿಂತು ಯಾರ ಮೇಲೆ ರೇಗಲಿ? ಪಾತ್ರೆ ಕುಕ್ಕಿದರೂ ಕೇಳಿಸಿಕೊಳ್ಳಲು ಜನ ಬೇಕು. ಬಾ. ಬಂದು ಬೈಸಿಕೋ. ಒಂದು ವರ್ಷವೋ, ಹತ್ತು ವರ್ಷವೋ, ನನಗೆ ಸಾಕಾಗುವವರೆಗೆ.

ಬರುವ ಮೊದಲು ಒಂದು ಕೆಲಸ. ಅವನ ಆ ಮೂರು ದಿನ ನಿನ್ನ ಹತ್ತಿರ ಇವೆ, ನನ್ನ ಹತ್ತಿರ ಇಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನೋವು, ಏನೆಂದ, ಒಂದೂ ಬಿಡದೆ ಬರೆ. ನಿನ್ನ ಬಾಯಿಂದ ಕೇಳುವ ಶಕ್ತಿ ನನಗಿಲ್ಲ. ಓದಿ, ಅಳುವುದೆಲ್ಲ ಅತ್ತು ಮುಗಿಸಿರುತ್ತೇನೆ.

ನಿನ್ನ ಅತ್ತೆ


ಡಿಸೆಂಬರ್ ೨೨

ಅತ್ತೆ,

ಜನವರಿ ಹದಿನೈದರ ಬೆಳಿಗ್ಗೆ ಬರುತ್ತೇನೆ. ಈ ಕಾಗದ ನನಗಿಂತ ಮುಂಚೆ ತಲುಪಲೆಂದು ಟಿಕೆಟ್ ಒಂದು ವಾರ ಮುಂದಕ್ಕೆ ಹಾಕಿಸಿದ್ದೇನೆ.

ಗುರುವಾರ, ಎಂಟೂವರೆಗೆ. ಶೂ ಲೇಸ್ ಕಟ್ಟಲು ಬಗ್ಗಿದವರು ಎದ್ದು ಎಡ ಭುಜ ಹಿಡಿದುಕೊಂಡರು. ಸ್ವಲ್ಪ ಹೊತ್ತು ಗೋಡೆಗೆ ಒರಗಿದರು. "ಉಳುಕಿರಬೇಕು" ಎಂದರು. ಮುಖ ಬೆವರಿತ್ತು, ನಾನೇ ಟವಲ್ ಕೊಟ್ಟೆ.

ಶುಕ್ರವಾರ ಸಂಜೆ ಆರಕ್ಕೆ. ಮೆಟ್ಟಿಲ ನಡುವೆ ನಿಂತುಬಿಟ್ಟರು. ಎದೆಯ ಮಧ್ಯೆ, ಅಂಗಿಯ ಎರಡನೆಯ ಗುಂಡಿಯ ಹತ್ತಿರ, ಮುಷ್ಟಿ ಇಟ್ಟು ತೋರಿಸಿದರು. ಹಿಂಡಿದ ಹಾಗಾಗುತ್ತದೆ ಎಂದರು. ಅತ್ತೆಗೆ ಹೇಳೋಣ ಎಂದೆ. "ಅಮ್ಮನಿಗೆ ಹೇಳ್ಬೇಡ, ಗಾಬರಿ ಆಗ್ತಾಳೆ. ಸೋಮವಾರ ನಾನೇ ಡಾಕ್ಟರ್ ಹತ್ರ ಹೋಗ್ತೀನಿ" ಎಂದು ಮಾತು ಕೊಟ್ಟರು. ನಂಬಿದೆ.

ಶನಿವಾರ, ಕೊನೆಯ ದಿನ, ಬೆಳಿಗ್ಗೆ ಏಳಕ್ಕೆ. ಮಂಚದ ತುದಿಯಲ್ಲಿ ಕೂತಿದ್ದರು, ದವಡೆಯೂ ನೋಯುತ್ತದೆ ಎಂದರು. ನಾನು "ಇನ್ನು ಆಗಲ್ಲ, ಈಗ್ಲೇ ಅತ್ತೆನ ಕರೀತೀನಿ" ಎಂದು ಎದ್ದೆ. ಕೈ ಹಿಡಿದು ಕೂರಿಸಿದರು. "ಬೇಡ ಕಣೇ, ಅವಳು ಮಗ ಗಿಗ ಅಂತ ನೋಡಲ್ಲ. ಸೀದಾ ತನ್ನ ಹಳೇ ವಾರ್ಡಿಗೆ ಎಳ್ಕೊಂಡು ಹೋಗಿ ಎಲ್ಲರ ಮುಂದೆ ಚಡ್ಡಿ ಬಿಚ್ಚಿಸಿ ಸೂಜಿ ಚುಚ್ತಾಳೆ" ಎಂದರು. ಆಮೇಲೆ ನಿಮ್ಮ ಹಾಗೇ ಸೊಂಟದ ಮೇಲೆ ಕೈಯಿಟ್ಟು, ನಿಮ್ಮದೇ ದನಿಯಲ್ಲಿ, "ತಿರುಗಿ ಮಲ್ಕೊಳ್ರೀ, ನಾಚಿಕೆಪಡೋಕೆ ಅಲ್ಲೇನಿದೆ ಅಂತ?" ಎಂದರು. ಎಷ್ಟು ಚೆನ್ನಾಗಿ ಮಾಡಿದರೆಂದರೆ ನೀವೇ ಬಂದು ನಿಂತ ಹಾಗಿತ್ತು. ನನಗೆ ನಗು ಉಕ್ಕಿ ಬಂತು. ಇಬ್ಬರೂ ಜೋರಾಗಿ ನಕ್ಕೆವು.

ನೀವು ಅಡುಗೆಮನೆಯಿಂದ ಕೂಗಿದಿರಿ: "ಏನ್ರೋ ಅದು ಬೆಳಿಗ್ಗೆ ಬೆಳಿಗ್ಗೆ ಅಷ್ಟು ನಗು? ನಂಗೂ ಸ್ವಲ್ಪ ಹೇಳ್ರೋ."

"ಏನಿಲ್ಲ ಅತ್ತೆ" ಎಂದು ಕೂಗಿ ಹೇಳಿದವಳು ನಾನು. ಆಗಲೂ ನಗುತ್ತಲೇ ಇದ್ದೆ.

ನಿಮ್ಮ ಸೊಸೆ